ಹಳೆಯ ಕಾರಿಗೆ ರನ್ನಿಂಗ್ ಇಂಡಿಕೇಟರ್: 200 ಮಿಲಿಸೆಕೆಂಡಿನ ಲೆಕ್ಕ

ಮಂಜೇಶ್ವರದಿಂದ ನೀಲೇಶ್ವರದವರೆಗೆ ಹಳೆಯ ಕಾಂಟೆಸ್ಸಾ, ಪದ್ಮಿನಿ, ಅಂಬಾಸಡರ್‌ಗಳನ್ನು ಜತನದಿಂದ ಇಟ್ಟುಕೊಂಡವರು ಈಗಲೂ ಸಿಗುತ್ತಾರೆ. ಅವರಲ್ಲಿ ಕೆಲವರಿಗೆ ಈಚೆಗೆ ಒಂದು ಆಸೆ ಹುಟ್ಟಿದೆ. ಹೊಸ ಕಾರುಗಳಲ್ಲಿರುವಂತೆ ಹಿಂದಿನ ಇಂಡಿಕೇಟರ್ ಬರೇ ಮಿನುಗದೆ, ಬೆಳಕು ಒಳಗಿನಿಂದ ಹೊರಗೆ ಹರಿದು ತಿರುಗುವ ದಿಕ್ಕನ್ನೇ ತೋರಿಸಬೇಕು. ಗ್ಯಾರೇಜಿನವರು ಇದನ್ನು ರನ್ನಿಂಗ್ ಇಂಡಿಕೇಟರ್ ಎನ್ನುತ್ತಾರೆ. ಆಸೆ ಹೊತ್ತು ಬರುವವರು ಎಲ್‌ಇಡಿ ಪಟ್ಟಿ ಎಲ್ಲಿ ಸಿಗುತ್ತದೆ, ಎಷ್ಟು ಬೆಲೆ ಎಂದು ವಿಚಾರಿಸುತ್ತಾರೆ. ತಮ್ಮ ಕಾರಿನಲ್ಲಿ ಇಂಡಿಕೇಟರನ್ನು ಮಿನುಗಿಸುವ ಫ್ಲಾಶರ್ ಯಾವ ಬಗೆಯದು ಎಂದು ವಿಚಾರಿಸುವವರು ವಿರಳ. ಈ ಕೆಲಸ ಕೈಕೊಡುವುದು ಬಹುಪಾಲು ಅಲ್ಲಿಯೇ.

ಹರಿಯುವ ಇಂಡಿಕೇಟರ್ ಇಂದಿನ ಕಲ್ಪನೆ ಅಲ್ಲ. ಅಮೆರಿಕದ ಫೋರ್ಡ್ ಕಂಪನಿ 1965ರ ಥಂಡರ್‌ಬರ್ಡ್ ಕಾರಿನಲ್ಲಿ ಇದನ್ನು ತಂದಿತು. 1964ರಲ್ಲೇ ತರುವ ಯೋಜನೆಯಿತ್ತು. ಅಲ್ಲಿನ ಕೆಲವು ರಾಜ್ಯಗಳ ಕಾನೂನು ಅಡ್ಡ ಬಂದು ಒಂದು ವರ್ಷ ತಡವಾಯಿತು. ಆಗ ಕಾರಿನ ದೀಪಗಳಲ್ಲಿ ಎಲ್‌ಇಡಿಯೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಡಿಕ್ಕಿಯೊಳಗೆ ಒಂದು ಸಣ್ಣ ಮೋಟಾರ್, ಅದು ತಿರುಗಿಸುವ ಉಬ್ಬು ಚಕ್ರಗಳು, ಆ ಉಬ್ಬುಗಳು ಒತ್ತುವ ಸ್ವಿಚ್ಚುಗಳು. ಪ್ರತಿ ಬದಿಗೆ ಮೂರು ಬಲ್ಬ್. ಒಳಗಿನದು ಹೊತ್ತಿಕೊಳ್ಳುತ್ತದೆ, ಅದು ಆರದೆಯೇ ನಡುವಿನದು ಸೇರಿಕೊಳ್ಳುತ್ತದೆ, ಕೊನೆಗೆ ಹೊರಗಿನದು. ಮೂರೂ ಒಟ್ಟಿಗೆ ಆರಿ ಮತ್ತೆ ಮೊದಲಿನಿಂದ. 1967ರಲ್ಲಿ ಮರ್ಕ್ಯುರಿ ಕೂಗರ್ ಇದೇ ದಾರಿ ಹಿಡಿಯಿತು. 1968ರ ಶೆಲ್ಬಿ ಮಸ್ಟಾಂಗ್‌ನ ಹಿಂದಿನ ದೀಪಗಳಂತೂ 1965ರ ಥಂಡರ್‌ಬರ್ಡ್‌ನದ್ದೇ. ಮತ್ತೆ ಈ ಬಗೆಯ ದೀಪ ದೊಡ್ಡ ಪ್ರಮಾಣದಲ್ಲಿ ಸುದ್ದಿಯಾದದ್ದು 2013ರ ಸುಮಾರಿಗೆ, ಆಡಿ ಕಂಪನಿ ಎಲ್‌ಇಡಿ ರೂಪದಲ್ಲಿ ತಂದಾಗ.

ಇದರಿಂದ ಉಪಯೋಗವಿದೆಯೇ? ಇದೆ ಎಂದೇ ನನ್ನ ಅಭಿಪ್ರಾಯ. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದಲ್ಲಿ ಆಷಾಢದ ಮಳೆಗೆ ಸಿಕ್ಕಿಕೊಂಡವರಿಗೆ ಗೊತ್ತು: ಮುಂದಿನ ವಾಹನದ ಒಂದು ಬದಿ ಲಾರಿಯ ಮರೆಯಲ್ಲಿರುತ್ತದೆ, ಕಾಣುವ ಒಂದೇ ದೀಪ ಮಿನುಗುತ್ತದೆ. ಅದು ಪಕ್ಕದ ಸರ್ವೀಸ್ ರಸ್ತೆಗೆ ಇಳಿಯುವ ಸೂಚನೆಯೋ, ನಾಲ್ಕೂ ದೀಪ ಹಾಕಿಕೊಂಡು ನಿಂತಿದೆಯೋ, ಮಳೆಯಲ್ಲಿ ಸ್ಥಾನ ತಿಳಿಯದ ಆ ಒಂದು ದೀಪದಿಂದ ಹೇಳಲಾಗದು. ಬೆಳಕು ಎಡಕ್ಕೆ ಹರಿಯುವುದು ಕಂಡರೆ ಅದು ವಾಹನದ ಎಡ ಬದಿಯ ದೀಪ ಎಂದಾದರೂ ತಿಳಿಯುತ್ತದೆ. ಆದರೆ ಹರಿವು ಬೇಗ ಮುಗಿಯಬೇಕು. ಗಂಟೆಗೆ 50 ಕಿ.ಮೀ. ವೇಗದ ಕಾರು 200 ಮಿಲಿಸೆಕೆಂಡಿನಲ್ಲಿ ಸುಮಾರು 2.8 ಮೀಟರ್ ಸಾಗಿರುತ್ತದೆ. ನಿಧಾನವಾಗಿ ತೆವಳುವ ಬೆಳಕು ನೋಡಲು ಚೆಂದ, ಹಿಂದಿನವರಿಗೆ ಮಾಹಿತಿ ಮಾತ್ರ ತಡ.

ಕಾಲದ ಮಿತಿ

ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಇಂಡಿಕೇಟರ್ ಆಂಬರ್ (ಕಿತ್ತಳೆ ಮಿಶ್ರಿತ ಹಳದಿ) ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆ ಇಲ್ಲದೆ, 120ಕ್ಕಿಂತ ಹೆಚ್ಚಿಲ್ಲದೆ ಮಿನುಗಬೇಕು. ನಡುವಿನ 90 ಅನ್ನು ತೆಗೆದುಕೊಳ್ಳೋಣ. ಒಂದು ಆವರ್ತನೆಗೆ 667 ಮಿಲಿಸೆಕೆಂಡ್. ಅರ್ಧ ಹೊತ್ತು ಉರಿದು ಅರ್ಧ ಹೊತ್ತು ಆರಿರುತ್ತದೆ ಎಂದರೆ, ಉರಿಯುವ ಅವಧಿ 333 ಮಿಲಿಸೆಕೆಂಡ್. 120ರ ವೇಗದಲ್ಲಿ ಅದು ಬರೇ 250. ಒಳಗಿನಿಂದ ಹೊರಗಿನ ತನಕದ ಇಡೀ ಹರಿವು ಇಷ್ಟರೊಳಗೆ ಮುಗಿದು, ದೀಪ ಪೂರ್ತಿಯಾಗಿ ಒಂದು ಕ್ಷಣ ನಿಲ್ಲಬೇಕು.

ಹರಿಯುವ ಇಂಡಿಕೇಟರ್‌ಗೆ ಅಳತೆಗೋಲಾಗಿ ಬಳಸುತ್ತ ಬಂದದ್ದು ವಿಶ್ವಸಂಸ್ಥೆಯ 6ನೇ ವಾಹನ ನಿಯಮಾವಳಿಯನ್ನು. ಅದರ ಮಾತು ಸ್ಪಷ್ಟ. ಒಮ್ಮೆ ಹೊತ್ತಿಕೊಂಡ ಭಾಗ ಆ ಮಿನುಗು ಮುಗಿಯುವವರೆಗೆ ಆರಬಾರದು. ಬೆಳಕು ವಾಹನದ ಒಳಬದಿಯಿಂದ ಹೊರಬದಿಗೆ ಒಂದೇ ಸಮನೆ ಸಾಗಬೇಕು. ಆರಂಭವಾದ 200 ಮಿಲಿಸೆಕೆಂಡಿನೊಳಗೆ ಕೊನೆಯ ಭಾಗವೂ ಹೊತ್ತಿರಬೇಕು. ಬೆಳಗುವ ಜಾಗದ ಅಗಲ ಅದರ ಎತ್ತರದ 1.7 ಪಟ್ಟಿಗಿಂತ ಕಡಿಮೆ ಇರಬಾರದು.

ಕೊನೆಯ ಷರತ್ತನ್ನು ಮೊದಲು ನೋಡಿಕೊಳ್ಳಿ, ಏಕೆಂದರೆ ಅದು ಹಲವು ಕಾರುಗಳನ್ನು ಆರಂಭದಲ್ಲೇ ಪಟ್ಟಿಯಿಂದ ಹೊರಗಿಡುತ್ತದೆ. ಪದ್ಮಿನಿಯ ಹಿಂದಿನ ದೀಪ ರೆಕ್ಕೆಯಂತಹ ಮೂಲೆಯಲ್ಲಿ ನೆಟ್ಟಗೆ ನಿಂತದ್ದು. ಅಲ್ಲಿ ಬೆಳಕು ಮೇಲಕ್ಕೆ ಕೆಳಕ್ಕೆ ಓಡಬಹುದೇ ಹೊರತು ಪಕ್ಕಕ್ಕೆ ಓಡಲು ಜಾಗವಿಲ್ಲ. ಹಳೆಯ ಅಂಬಾಸಡರ್‌ನ ಸಣ್ಣ ದೀಪದ ಕಥೆಯೂ ಅಷ್ಟೇ. ಅಂಥ ಕಾರುಗಳ ಮಾಲೀಕರು ಈ ಆಸೆಯನ್ನು ಬಿಡುವುದೇ ಒಳ್ಳೆಯದು. 1984ರಿಂದ 2002ರವರೆಗೆ ತಯಾರಾದ ಕಾಂಟೆಸ್ಸಾದ ಮೂಲ ಬ್ರಿಟನ್ನಿನ ವಾಕ್ಸ್‌ಹಾಲ್. ಅದರ ದೀಪ ಅಡ್ಡಕ್ಕೆ ಚಾಚಿಕೊಂಡದ್ದು, ಆದ್ದರಿಂದ ಅಲ್ಲಿ ಅವಕಾಶವಿದೆ. ಆದರೂ ಇಡೀ ದೀಪವನ್ನಲ್ಲ, ಆಂಬರ್ ಗಾಜಿನ ಭಾಗವನ್ನಷ್ಟೇ ಸ್ಕೇಲಿನಿಂದ ಅಳೆಯಿರಿ. ಕೆಂಪು ಗಾಜಿನೊಳಗೂ ಆಂಬರ್ ಎಲ್‌ಇಡಿ ಹಾಕಿ ಅಗಲ ಹೆಚ್ಚಿಸಿಕೊಳ್ಳುವವರನ್ನು ನೋಡಿದ್ದೇನೆ. ಕೆಂಪು ಗಾಜು ದಾಟಿ ಹೊರಬರುವುದು ಕೆಂಪು ಬೆಳಕೇ. ಥಂಡರ್‌ಬರ್ಡ್‌ನ ಇಂಡಿಕೇಟರ್ ಕೆಂಪಾಗಿತ್ತು, ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯಿದೆ. ಇಲ್ಲಿ ಇಲ್ಲ.

ಬಲ್ಬ್ ಇಟ್ಟುಕೊಂಡೇ ಇದನ್ನು ಮಾಡಲಾಗದೇ ಎಂದು ಕೇಳಬಹುದು. ಮಾಡಬಹುದು, ಥಂಡರ್‌ಬರ್ಡ್ ಮಾಡಿತ್ತು. ತೊಡಕೆಂದರೆ, ಬಲ್ಬಿನ ತಂತಿ ಕಾದು ಪೂರ್ಣ ಬೆಳಕು ಕೊಡಲು ಸುಮಾರು 200 ಮಿಲಿಸೆಕೆಂಡ್ ಬೇಕು. ನಮಗಿರುವ ಒಟ್ಟು ಅವಕಾಶವೇ ಅಷ್ಟು. ಎಲ್‌ಇಡಿ ಆ ಹೊತ್ತನ್ನು ಕೇಳುವುದೇ ಇಲ್ಲ, ವಿದ್ಯುತ್ ಬಂದ ಕ್ಷಣ ಬೆಳಗುತ್ತದೆ.

ಫ್ಲಾಶರ್ ಎಂಬ ಸಣ್ಣ ಡಬ್ಬಿ

ಹಳೆಯ ಕಾರಿನ ಫ್ಲಾಶರ್ ಶಾಖದಿಂದ ಕೆಲಸ ಮಾಡುತ್ತದೆ. ಒಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿ ಅಥವಾ ಬಿಗಿದ ತಂತಿ ಇರುತ್ತದೆ. ಕರೆಂಟ್ ಹರಿದಾಗ ಅದು ಬಿಸಿಯಾಗಿ ಬಾಗಿ ಸಂಪರ್ಕ ಬದಲಿಸುತ್ತದೆ, ತಣ್ಣಗಾದಾಗ ಮೊದಲ ಸ್ಥಿತಿಗೆ ಮರಳುತ್ತದೆ. ಎಷ್ಟು ಕರೆಂಟ್ ಹರಿಯುತ್ತದೆಯೋ ಅದಕ್ಕೆ ತಕ್ಕ ವೇಗ. 21 ವ್ಯಾಟ್ ಬಲ್ಬ್ 12 ವೋಲ್ಟ್‌ನಲ್ಲಿ 1.75 ಆಂಪಿಯರ್ ಎಳೆಯುತ್ತದೆ. ಮುಂದೆ ಒಂದು, ಹಿಂದೆ ಒಂದು, ಒಟ್ಟು 3.5 ಆಂಪಿಯರ್. ಫ್ಲಾಶರನ್ನು ಅಷ್ಟಕ್ಕೇ ಹದ ಮಾಡಿರುತ್ತಾರೆ. ಹಿಂದಿನ ಬಲ್ಬ್ ತೆಗೆದು ಕಾಲು ಆಂಪಿಯರ್ ಕೂಡ ಎಳೆಯದ ಎಲ್‌ಇಡಿ ಹಾಕಿದರೆ ಆ ಪಟ್ಟಿ ಬೇಕಾದಷ್ಟು ಬಿಸಿಯಾಗುವುದಿಲ್ಲ. ಮಿನುಗು ಹದ ತಪ್ಪುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಸ್ವಲ್ಪ ಈಚಿನ ಎಲೆಕ್ಟ್ರಾನಿಕ್ ಫ್ಲಾಶರ್ ಇದ್ದರೆ ಅದು ಬಲ್ಬ್ ಸುಟ್ಟಿದೆ ಎಂದು ತಿಳಿದು ದುಪ್ಪಟ್ಟು ವೇಗದಲ್ಲಿ ಬಡಿದುಕೊಳ್ಳುತ್ತದೆ. ಆ ವೇಗದಲ್ಲಿ ನಿಮ್ಮ ಹರಿವು ಮುಗಿಯುವ ಮೊದಲೇ ಕತ್ತರಿಸಿಹೋಗಬಹುದು.

ಇದಕ್ಕೆ ಗ್ಯಾರೇಜುಗಳಲ್ಲಿ ಸಿಗುವ ಸಿದ್ಧ ಉತ್ತರ 6 ಓಮ್, 50 ವ್ಯಾಟಿನ ಲೋಡ್ ರೆಸಿಸ್ಟರ್. ಎಲ್‌ಇಡಿಗೆ ಸಮಾಂತರವಾಗಿ ಅದನ್ನು ಜೋಡಿಸಿದರೆ 2 ಆಂಪಿಯರ್ ಹರಿದು ಫ್ಲಾಶರ್‌ಗೆ ಬಲ್ಬ್ ಇದ್ದಂತೆಯೇ ಭಾಸವಾಗುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಎಂಜಿನ್ ಓಡುವಾಗಿನ 13.8 ವೋಲ್ಟ್‌ನಲ್ಲಿ ಆ ರೆಸಿಸ್ಟರ್ 31 ವ್ಯಾಟ್‌ಗೂ ಮಿಕ್ಕಿ ಶಾಖ ಉಗುಳುತ್ತದೆ, ಅರ್ಧ ಹೊತ್ತು ಆರಿದ್ದರೂ ಸರಾಸರಿ 16 ವ್ಯಾಟ್. ಡಿಕ್ಕಿಯ ಒಳಹೊದಿಕೆಗೆ ಅದನ್ನು ಅಂಟಿಸಿ, ಕಾರು ಕೆಟ್ಟು ನಾಲ್ಕೂ ದೀಪ ಹಾಕಿ ಅರ್ಧ ಗಂಟೆ ನಿಂತರೆ ಕೈ ಇಡಲಾಗದಷ್ಟು ಸುಡುತ್ತದೆ. ಎಲ್‌ಇಡಿಗೆಂದೇ ಮಾಡಿದ, ದೀಪ ಎಳೆಯುವ ಕರೆಂಟನ್ನು ಅವಲಂಬಿಸದ ಮೂರು ಪಿನ್ನಿನ ಫ್ಲಾಶರ್ ಆಟೊ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಹಳೆಯದರಲ್ಲಿ ಎರಡೇ ಪಿನ್ ಇದ್ದರೆ ಮೂರನೆಯದಕ್ಕೆ ಒಂದು ಅರ್ತ್ ವಯರ್ ಎಳೆಯಬೇಕು, ಅಷ್ಟೇ. ಹಳೆಯ ಫ್ಲಾಶರನ್ನು ಎಸೆಯಬೇಡಿ.

ಎಲ್‌ಇಡಿ ಹಾಕಿದ ಮೇಲೆ ಎದುರಾಗುವ ಇನ್ನೊಂದು ವಿಚಿತ್ರ: ಬಲಕ್ಕೆ ಹಾಕಿದರೆ ಎಡಬದಿಯೂ ಮಂಕಾಗಿ ಮಿನುಗುವುದು. ವಯರಿಂಗ್ ಎಲ್ಲೋ ತಾಗಿದೆ ಎಂದು ಇಡೀ ಕಾರನ್ನು ಬಿಚ್ಚಿಹಾಕುವವರಿದ್ದಾರೆ. ಕಾರಣ ಡ್ಯಾಶ್‌ಬೋರ್ಡಿನಲ್ಲಿದೆ. ಎರಡೂ ಬದಿಗೆ ಒಂದೇ ಸೂಚಕ ದೀಪವಿರುವ ಹಳೆಯ ಕಾರುಗಳಲ್ಲಿ ಆ ಪುಟ್ಟ ಬಲ್ಬನ್ನು ಎಡ ಮತ್ತು ಬಲ ಲೈನುಗಳ ನಡುವೆ ಜೋಡಿಸಿರುವುದುಂಟು. ಬಲಗಡೆಯ ಕರೆಂಟ್ ಆ ಬಲ್ಬನ್ನು ದಾಟಿ, ಎಡಗಡೆಯ ದೊಡ್ಡ ಬಲ್ಬುಗಳ ಮೂಲಕ ಅರ್ತ್ ಸೇರುತ್ತದೆ. ಅಷ್ಟು ಸಣ್ಣ ಕರೆಂಟಿಗೆ 21 ವ್ಯಾಟ್ ಬಲ್ಬ್ ಕೆಂಪಾಗುವುದೂ ಇಲ್ಲ. ಎಲ್‌ಇಡಿಗೆ ಮಾತ್ರ ಅದೇ ಧಾರಾಳ. ಪರಿಹಾರ ಅಗ್ಗದ್ದು: ಸೂಚಕ ಬಲ್ಬಿನ ಒಂದು ತುದಿಯನ್ನು ಅರ್ತ್‌ಗೆ ಕೊಡಿ, ಇನ್ನೊಂದು ತುದಿಗೆ ಎಡದಿಂದ ಒಂದು, ಬಲದಿಂದ ಒಂದು 1ಎನ್4007 ಡಯೋಡ್ ಮೂಲಕ ಲೈನ್ ತನ್ನಿ. ಡಯೋಡ್ ಕರೆಂಟನ್ನು ಹಿಂದಕ್ಕೆ ಹರಿಯಲು ಬಿಡದು.

ತಡ ಮಾಡಿಸುವ ಸರ್ಕ್ಯೂಟ್

ಇನ್ನು ಹರಿವಿನ ಮಾತು. ಮೂರು ಭಾಗ ಸಾಕು. ಹೆಚ್ಚು ಮಾಡಿದಷ್ಟೂ ನಯವಾಗುತ್ತದೆ ನಿಜ, ಆದರೆ ಹಳೆಯ ಗಾಜಿನ ಗೀರುಗಳು ಆ ನಯವನ್ನು ಹೇಗೂ ಕಲಸಿಬಿಡುತ್ತವೆ.

ಬಹಳ ಸರಳ ವಿಧಾನ ರೆಸಿಸ್ಟರ್ ಮತ್ತು ಕಪಾಸಿಟರ್ ಜೋಡಿ. ಸಣ್ಣ ತೂತಿನ ಮೂಲಕ ಚೆಂಬು ತುಂಬುವಂತೆ, ರೆಸಿಸ್ಟರ್ ಮೂಲಕ ಕಪಾಸಿಟರ್ ಮೆಲ್ಲನೆ ತುಂಬುತ್ತದೆ. ಒಂದು ಮಟ್ಟ ತಲುಪಿದಾಗ ಸ್ವಿಚ್ಚಿನಂತೆ ಟ್ರಾನ್ಸಿಸ್ಟರ್ ತೆರೆದು ಮುಂದಿನ ಭಾಗ ಹೊತ್ತಿಕೊಳ್ಳುತ್ತದೆ. 10 ಕಿಲೊ ಓಮ್ ಮತ್ತು 100 ಮೈಕ್ರೊಫ್ಯಾರಡ್ ತೆಗೆದುಕೊಂಡರೆ, 12 ವೋಲ್ಟ್‌ನಲ್ಲಿ ಡಾರ್ಲಿಂಗ್ಟನ್ ಎಂಬ ಜೋಡಿ ಟ್ರಾನ್ಸಿಸ್ಟರ್ ತೆರೆಯುವ 1.2 ವೋಲ್ಟ್ ಮುಟ್ಟಲು ಸುಮಾರು 105 ಮಿಲಿಸೆಕೆಂಡ್ ಬೇಕು. 14.4 ವೋಲ್ಟ್ ಇದ್ದಾಗ 87. ವ್ಯತ್ಯಾಸ ಕಣ್ಣಿಗೆ ತಿಳಿಯದು. ತೊಂದರೆ ಬೇರೆ ಕಡೆ ಇದೆ. ಆರಿರುವ 333 ಮಿಲಿಸೆಕೆಂಡಿನಲ್ಲಿ ಆ ಕಪಾಸಿಟರ್ ಪೂರ್ತಿ ಖಾಲಿಯಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಉಳಿದ ಮೇಲೆ ಎರಡನೆಯ ಮಿನುಗಿನಲ್ಲಿ ತಡ ಹೆಚ್ಚೇನೂ ಆಗುವುದಿಲ್ಲ. ಮೊದಲ ಸಲ ಚೆನ್ನಾಗಿ ಹರಿದು, ಆಮೇಲೆ ಮೂರೂ ಭಾಗ ಒಟ್ಟಿಗೆ ಹೊತ್ತಿಕೊಳ್ಳುವ ದೀಪ ಕಂಡರೆ ಕಾರಣ ಇದೇ ಎಂದು ತಿಳಿಯಿರಿ. ಲೈನ್ ಆರಿದೊಡನೆ ಕಪಾಸಿಟರನ್ನು ಖಾಲಿ ಮಾಡುವ ಡಯೋಡ್ ದಾರಿ ಕೊಡಬೇಕು.

ನಾನು ಶಿಫಾರಸು ಮಾಡುವುದು ಮೈಕ್ರೊಕಂಟ್ರೋಲರ್, ಅಂದರೆ ಪ್ರೋಗ್ರಾಂ ತುಂಬಬಹುದಾದ ಪುಟ್ಟ ಚಿಪ್. ಎಂಟು ಕಾಲಿನ ಎಟಿಟೈನಿ85 ಚಿಪ್ ಸಾಕು. ಆದರೆ ಒಂದು ತೊಡಕು ಇಲ್ಲೂ ಇದೆ. ಫ್ಲಾಶರ್ ಪ್ರತಿ ಸಲ ಲೈನನ್ನು ಪೂರ್ತಿ ಕಡಿಯುತ್ತದೆ, ಅಂದರೆ ಆ ಲೈನಿನಿಂದಲೇ ವಿದ್ಯುತ್ ಪಡೆಯುವ ಚಿಪ್ ನಿಮಿಷಕ್ಕೆ 90 ಸಲ ಸತ್ತು ಹುಟ್ಟಬೇಕು. ಹವ್ಯಾಸಿಗಳು ಬಳಸುವ ಸಿದ್ಧ ಮೈಕ್ರೊಕಂಟ್ರೋಲರ್ ಬೋರ್ಡುಗಳಾದ ಆರ್ಡುಯಿನೊಗಳಲ್ಲಿ ಕೆಲವು ವಿದ್ಯುತ್ ಬಂದ ಮೇಲೆ ಹೊಸ ಪ್ರೋಗ್ರಾಂ ಬರುತ್ತದೆಯೇ ಎಂದು ಒಂದೆರಡು ಸೆಕೆಂಡ್ ಕಾದುಕೊಂಡೇ ಕೆಲಸ ಶುರುಮಾಡುತ್ತವೆ. ನಮ್ಮ 333 ಮಿಲಿಸೆಕೆಂಡಿನಲ್ಲಿ ಅದು ಎಚ್ಚರವೇ ಆಗುವುದಿಲ್ಲ. ಮೇಜಿನ ಮೇಲೆ ಸೊಗಸಾಗಿ ಓಡಿದ ದೀಪ ಕಾರಿಗೆ ಹಾಕಿದೊಡನೆ ಸ್ತಬ್ಧವಾಗುವುದು ಇದರಿಂದ.

ಬ್ಯಾಟರಿಯಿಂದ ಬೇರೊಂದು ವಯರ್ ಎಳೆಯದೆ ಇದನ್ನು ಬಗೆಹರಿಸಬಹುದು. ಫ್ಲಾಶರ್ ಲೈನಿನಿಂದ ಒಂದು 1ಎನ್4007 ಡಯೋಡ್, ಅದರ ಬೆನ್ನಿಗೆ 1000 ಮೈಕ್ರೊಫ್ಯಾರಡ್ ಕಪಾಸಿಟರ್, ಅಲ್ಲಿಂದ ವೋಲ್ಟೇಜನ್ನು ಸ್ಥಿರವಾಗಿಡುವ 7805 ರೆಗ್ಯುಲೇಟರ್ ಮೂಲಕ ಚಿಪ್‌ಗೆ 5 ವೋಲ್ಟ್. ಚಿಪ್ ಮತ್ತು ರೆಗ್ಯುಲೇಟರ್ ಸೇರಿ 10 ಮಿಲಿಆಂಪಿಯರ್ ಎಳೆದರೆ, ಆರಿರುವ 333 ಮಿಲಿಸೆಕೆಂಡಿನಲ್ಲಿ ಕಪಾಸಿಟರ್ 3.3 ವೋಲ್ಟ್ ಇಳಿಯುತ್ತದೆ. 11.4ರಿಂದ 8 ವೋಲ್ಟ್‌ಗೆ. ರೆಗ್ಯುಲೇಟರ್‌ಗೆ 7 ವೋಲ್ಟ್ ಇದ್ದರೆ ಸಾಕು, ಚಿಪ್ ಬದುಕಿ ಉಳಿಯುತ್ತದೆ. ಲೈನ್ ಹೊತ್ತಿದೆಯೇ ಆರಿದೆಯೇ ಎಂದು ಡಯೋಡ್‌ಗಿಂತ ಮೊದಲೇ, 22 ಮತ್ತು 10 ಕಿಲೊ ಓಮ್ ರೆಸಿಸ್ಟರುಗಳ ವಿಭಜನೆಯಿಂದ ಚಿಪ್‌ಗೆ ತಿಳಿಸಿ. ಪ್ರೋಗ್ರಾಂ ನಾಲ್ಕು ಸಾಲಿನದು: ಲೈನ್ ಹೊತ್ತಿತೇ, 80 ಮಿಲಿಸೆಕೆಂಡ್ ಕಾದು ಎರಡನೆಯ ಭಾಗ ಹಚ್ಚು, ಇನ್ನೂ 80 ಕಾದು ಮೂರನೆಯದನ್ನು ಹಚ್ಚು, ಲೈನ್ ಆರಿದರೆ ಎಲ್ಲವನ್ನೂ ಆರಿಸು. ಒಟ್ಟು 160, ಮಿತಿಯಾದ 200ರ ಒಳಗೆ. ಈ ಚಿಪ್ ಮೊದಲ ಸಲ ಎಚ್ಚರಗೊಳ್ಳಲು ಸುಮಾರು 64 ಮಿಲಿಸೆಕೆಂಡ್ ತೆಗೆದುಕೊಳ್ಳುವಂತೆ ಹೊಂದಿಸಿರುತ್ತಾರೆ. ಪ್ರೋಗ್ರಾಂ ತುಂಬುವಾಗ ಅದನ್ನು 4ಕ್ಕೆ ಇಳಿಸಿ, ಇಲ್ಲದಿದ್ದರೆ ಮೊದಲ ಮಿನುಗು ಮಿತಿ ಮೀರುತ್ತದೆ.

ಮೊದಲನೆಯ ಭಾಗವನ್ನು ಚಿಪ್ ಯಾಕೆ ಹಚ್ಚುವುದಿಲ್ಲ ಎಂದು ಗಮನಿಸಿರಬಹುದು. ಈ ಇಡೀ ವಿನ್ಯಾಸದಲ್ಲಿ ನಾನು ಎಂದಿಗೂ ಬಿಟ್ಟುಕೊಡದ ಅಂಶ ಅದು. ಮೊದಲ ಭಾಗವನ್ನು ಫ್ಲಾಶರ್ ಲೈನಿಗೆ ನೇರವಾಗಿ ಜೋಡಿಸಬೇಕು, ನಡುವೆ ಚಿಪ್ ಬರಕೂಡದು. ಸಿಡಿಲಿಗೋ ನೀರಿಗೋ ಚಿಪ್ ಸತ್ತ ದಿನವೂ ಇಂಡಿಕೇಟರ್ ಇಂಡಿಕೇಟರಾಗಿಯೇ ಉಳಿಯುತ್ತದೆ, ಹರಿವು ಮಾತ್ರ ಇಲ್ಲವಾಗುತ್ತದೆ. ಆದ್ದರಿಂದ ಆ ಮೊದಲ ಭಾಗ ಒಂಟಿಯಾಗಿಯೇ ಸಾಕಷ್ಟು ಪ್ರಖರವಾಗಿರಲಿ. ಉಳಿದ ಎರಡನ್ನು ಯುಎಲ್‌ಎನ್2003 ಎಂಬ ಅಗ್ಗದ ಚಿಪ್ ಮೂಲಕ ನಡೆಸಿ. ಅದರ ಒಂದೊಂದು ದಾರಿಯೂ 500 ಮಿಲಿಆಂಪಿಯರ್ ತಾಳುತ್ತದೆ.

ಎಲ್‌ಇಡಿಗಳನ್ನು ಸಾಲಾಗಿ ಜೋಡಿಸುವಾಗ ಮೂರು ಮೂರರಂತೆ ಜೋಡಿಸಿ. ಒಂದೊಂದು ಆಂಬರ್ ಎಲ್‌ಇಡಿ ಸುಮಾರು 2.1 ವೋಲ್ಟ್ ತೆಗೆದುಕೊಳ್ಳುತ್ತದೆ, ಮೂರಕ್ಕೆ 6.3. 390 ಓಮ್ ಹಾಕಿದರೆ 13.8 ವೋಲ್ಟ್‌ನಲ್ಲಿ 19 ಮಿಲಿಆಂಪಿಯರ್, ಬ್ಯಾಟರಿ 11ಕ್ಕೆ ಇಳಿದಾಗಲೂ 12. ಗಾಜು ಆಂಬರ್ ಇದ್ದರೂ ಎಲ್‌ಇಡಿಯೂ ಆಂಬರ್ ಆಗಿರಬೇಕು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು. ಗಾಜು ಅದನ್ನು ತಡೆದ ಮೇಲೆ ಉಳಿಯುವುದು ಪೇಲವ ಬಣ್ಣ. 21 ವ್ಯಾಟ್ ಬಲ್ಬ್ ಸುಮಾರು 460 ಲ್ಯೂಮೆನ್ ಬೆಳಕು ಕೊಡುತ್ತಿತ್ತು ಎಂಬುದನ್ನೂ ಮರೆಯಬಾರದು. ರಾತ್ರಿ ಕಣ್ಣು ಕೋರೈಸುವ ಪಟ್ಟಿ ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣದೇ ಹೋಗಬಹುದು. ನೋಡಿ ನಿರ್ಧರಿಸಬೇಕಾದದ್ದು ಮಧ್ಯಾಹ್ನವೇ.

ಉಪ್ಪು, ನೀರು, ಅರ್ತ್

ಕುಂಬಳೆಯ ಒಂದು ಗ್ಯಾರೇಜಿನಲ್ಲಿ ಕಾಂಟೆಸ್ಸಾದ ದೀಪ ಬಿಚ್ಚುವುದನ್ನು ಹತ್ತಿರದಿಂದ ನೋಡಿದ್ದೆ. ಕೆಳಗಿನ ತಿರುಪು ತುಕ್ಕು ಹಿಡಿದು ತಲೆಯೇ ಉದುರಿತ್ತು. ಒಳಗಿನ ಬೆಳ್ಳಿ ಲೇಪ ಸಿಪ್ಪೆಯಂತೆ ಎದ್ದಿತ್ತು, ಹಿತ್ತಾಳೆ ಹೋಲ್ಡರಿನ ಸುತ್ತ ಹಸಿರು ಪುಡಿ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗುತ್ತಿತ್ತು. ವಯರಿಂಗ್ ಮಾಡುವ ಹುಡುಗ ಮೀಟರಿನ ಒಂದು ಕಡ್ಡಿಯನ್ನು ದೀಪದ ಲೋಹದ ತಳಕ್ಕೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿದು, ದೀಪ ಹಚ್ಚಲು ಹೇಳಿದ. ಒಂದೂವರೆ ವೋಲ್ಟ್‌ಗೂ ಹೆಚ್ಚು ತೋರಿಸಿತು. "ಅಣ್ಣಾ, ಬಲ್ಬಿನ ದೋಷ ಅಲ್ಲ. ಇದಕ್ಕೆ ಅರ್ತೇ ಇಲ್ಲ" ಎಂದ.

ಅವನು ಮಾಡಿದ ಪರೀಕ್ಷೆಯನ್ನು ಎಲ್‌ಇಡಿ ಕೊಳ್ಳುವ ಮೊದಲೇ ಎಲ್ಲರೂ ಮಾಡಬೇಕು. ಆ ಮೀಟರ್ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ತುಕ್ಕಿನ ಜಾಗದಲ್ಲಿ ಅರ್ಧ ಓಮ್ ತಡೆ ಸೇರಿಕೊಂಡರೆ ಸಾಕು, ಬ್ರೇಕ್ ಮತ್ತು ಇಂಡಿಕೇಟರ್ ಬಲ್ಬುಗಳೆರಡೂ ಸೇರಿ 3.5 ಆಂಪಿಯರ್ ಹರಿದಾಗ 1.75 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಬಲ್ಬ್ ಇದನ್ನು ಸಹಿಸಿಕೊಳ್ಳುತ್ತದೆ, ಚಿಪ್ ಸಹಿಸುವುದಿಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಅದರ ಅರ್ತ್ ಮಟ್ಟವೇ ಏರಿ ಸಂಕೇತ ಗೊಂದಲವಾಗುತ್ತದೆ. ಎರಡೂ ದೀಪಗಳಿಂದ ಬಾಡಿಯ ಗಟ್ಟಿ ಜಾಗಕ್ಕೆ ಹೊಸ ಅರ್ತ್ ವಯರ್ ಎಳೆದು, ಬಣ್ಣ ಉಜ್ಜಿ ತೆಗೆದು, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿ. 1960ರ ದಶಕದ ಮಧ್ಯಭಾಗಕ್ಕಿಂತ ಹಿಂದಿನ ಬ್ರಿಟಿಷ್ ಮೂಲದ ಕಾರಾದರೆ ಇನ್ನೊಂದು ಎಚ್ಚರ: ಅವುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಅನ್ನು ಬಾಡಿಗೆ ಕೊಡುವುದು ಸಾಮಾನ್ಯವಾಗಿತ್ತು. ಮೇಲೆ ಹೇಳಿದ ಸರ್ಕ್ಯೂಟ್ ಅಲ್ಲಿ ತಲೆಕೆಳಗಾಗುತ್ತದೆ.

ನಮ್ಮ ಕಡಲ ಗಾಳಿಗೂ ನಾಲ್ಕು ತಿಂಗಳ ಮಳೆಗೂ ಬರಿಯ ಬೋರ್ಡ್ ಬಾಳುವುದಿಲ್ಲ. ಬೋರ್ಡಿಗೆ ತೇವ ತಡೆಯುವ ಲೇಪ ಬೇಕು. ಅಂಚಿಗೆ ಸಿಲಿಕೋನ್ ಹಚ್ಚುವುದಾದರೆ ಹುಳಿ ವಾಸನೆಯ ಅಗ್ಗದ ಟ್ಯೂಬ್ ಬೇಡ. ಆ ವಾಸನೆ ಅಸಿಟಿಕ್ ಆಮ್ಲದ್ದು, ಗಟ್ಟಿಯಾಗುವಾಗ ಅದು ತಾಮ್ರವನ್ನೇ ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ದೀಪದ ತಳದಲ್ಲಿರುವ ನೀರು ಇಳಿಯುವ ತೂತನ್ನು ಮಾತ್ರ ಮುಚ್ಚಬೇಡಿ, ಒಳಗೆ ಬೆವರಿದ ನೀರಿಗೆ ಬೇರೆ ದಾರಿಯಿಲ್ಲ.

ಕಾನೂನಿನ ಬದಿ

ಕೇರಳದ ಮೋಟಾರು ವಾಹನ ಇಲಾಖೆ ಮಾರ್ಪಾಡುಗಳ ವಿಷಯದಲ್ಲಿ ಬಿಗಿಯಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ದೀಪಗಳೂ ತಪಾಸಣೆಗೆ ಬರುತ್ತವೆ. ಕೆಎಲ್ 14 (ಕಾಸರಗೋಡು) ಆಗಲಿ ಕೆಎಲ್ 60 (ಕಾಞಂಗಾಡು) ಆಗಲಿ, ಕೆಲಸ ಶುರುಮಾಡುವ ಮೊದಲು ಕಚೇರಿಗೆ ಹೋಗಿ ವಾಹನ ನಿರೀಕ್ಷಕರನ್ನು ಕೇಳಿ, ಅವರು ಬೇಡವೆಂದರೆ ಕೈಬಿಡಿ.

50 ವರ್ಷ ದಾಟಿದ ಕಾರಿನವರು ಇನ್ನಷ್ಟು ಯೋಚಿಸಬೇಕು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ ಅಂಥ ಕಾರುಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ, ಆದರೆ ಕಾರು ಮೂಲ ರೂಪದಲ್ಲಿ ಉಳಿದಿರಬೇಕೆಂದು ಕೇಳುತ್ತದೆ. ಅಂಥ ಕಾರಿನಲ್ಲಿ ಇದನ್ನು ಮಾಡಲೇಬಾರದು ಎಂಬುದು ನನ್ನ ಖಚಿತ ನಿಲುವು. ಉಳಿದವುಗಳಲ್ಲಿ ಮಾಡುವುದಾದರೂ ಗಾಜು ಕೊರೆಯಬಾರದು, ಹೋಲ್ಡರ್ ಕತ್ತರಿಸಬಾರದು, ಮೂಲ ವಯರಿಗೆ ಕತ್ತರಿ ತಾಗಬಾರದು. ಬಲ್ಬಿನ ಹಿತ್ತಾಳೆ ತಳಕ್ಕೇ ನಿಮ್ಮ ಬೋರ್ಡಿನ ವಯರುಗಳನ್ನು ಬೆಸೆದು, ಬಲ್ಬಿನಂತೆಯೇ ಹೋಲ್ಡರಿಗೆ ತಿರುಗಿಸಿ ಕೂರಿಸಬಹುದು. ಬೇಡವೆನಿಸಿದ ದಿನ ಅದನ್ನು ತೆಗೆದು 21 ವ್ಯಾಟಿನ ಬಲ್ಬನ್ನೂ ಹಳೆಯ ಫ್ಲಾಶರನ್ನೂ ಹಾಕಿದರೆ ಕಾರು ಮೊದಲಿನಂತೆಯೇ.

ಎಲ್ಲ ಮುಗಿದ ಮೇಲೆ ಒಮ್ಮೆ ಎಂಜಿನ್ ನಿಲ್ಲಿಸಿ ಹೆಡ್‌ಲೈಟ್ ಹಚ್ಚಿಟ್ಟು, ಇನ್ನೊಮ್ಮೆ ಎಂಜಿನ್ ಜೋರಾಗಿ ಓಡಿಸಿ, ಎರಡು ಸಲವೂ ಬ್ರೇಕ್ ಒತ್ತಿಕೊಂಡು ಇಂಡಿಕೇಟರ್ ಹಾಕಿ. ಹಿಂದೆ ನಿಂತವರು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಲಿ. ಸೆಕೆಂಡಿಗೆ 240 ಚೌಕಟ್ಟುಗಳ ವೀಡಿಯೊದಲ್ಲಿ 200 ಮಿಲಿಸೆಕೆಂಡ್ ಎಂದರೆ 48 ಚೌಕಟ್ಟು. ಮೊದಲ ಭಾಗ ಹೊತ್ತಿದ ಚೌಕಟ್ಟಿನಿಂದ ಎಣಿಸಿ, 48 ಮುಗಿಯುವುದರೊಳಗೆ ಮೂರನೆಯ ಭಾಗ ಬೆಳಗದಿದ್ದರೆ ಪ್ರೋಗ್ರಾಮಿನ 80 ಅನ್ನು 60 ಮಾಡಿ.